ಯಂತ್ರದ ಕಣ್ಣಿಗೆ ಒಂದು ಗುರುತು

(ಆಕಾಶವಾಣಿಯ ಭಾಷಣ)

ಬಂಗಾರಪೇಟೆಯ ಜಂಕ್ಷನ್ನಿನಲ್ಲಿ ಮುಖ್ಯ ಹಳಿಯನ್ನು ಬಿಟ್ಟು ಮಾರಿಕುಪ್ಪದ ಕಡೆಗೆ ತಿರುಗುವ ರೈಲಿನಲ್ಲಿ ಕುಳಿತವರಿಗೆ, ಕೊಂಚ ಹೊತ್ತಿನಲ್ಲಿಯೇ ಕಿಟಕಿಯಾಚೆ ಕೆಲವು ಬೋಳುಗುಡ್ಡಗಳು ಕಾಣತೊಡಗುತ್ತವೆ. ನೆತ್ತಿ ಚಪ್ಪಟೆ, ಮೈತುಂಬ ಮಳೆನೀರು ಕೊರೆದ ಗೀರುಗಳು. ಇವು ಪ್ರಕೃತಿ ಮಾಡಿದ ಗುಡ್ಡಗಳಲ್ಲ. ಊರಿನವರು ಇವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಗಣಿಯಿಂದ ಮೇಲೆತ್ತಿದ ಕಲ್ಲನ್ನು ಹಿಟ್ಟಿನಂತೆ ಅರೆದು, ಅದರೊಳಗಿನ ಚಿನ್ನವನ್ನು ಸೈನೈಡಿನಲ್ಲಿ ಕರಗಿಸಿ ತೆಗೆದುಕೊಂಡ ಮೇಲೆ ಮಿಕ್ಕ ಪುಡಿಯ ರಾಶಿ ಇದು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ, ಬೇಕಾದ ಒಂದು ಚಿಟಿಕೆಗಾಗಿ ಬೇಡವಾದ ಬೆಟ್ಟವನ್ನು ಹೊರಹಾಕುವ ಕೆಲಸ ಇಲ್ಲಿ ನಡೆಯಿತು.

ಶ್ರೋತೃಮಿತ್ರರೆ, ಬೇಡವಾದುದನ್ನು ಕಳೆದು ಬೇಕಾದುದನ್ನು ಪಡೆಯುವ ಈ ಕ್ರಮ ಗಣಿಗೆ ಮಾತ್ರ ಸೇರಿದುದಲ್ಲ. ಕಲ್ಲಿನಿಂದ ವಿಗ್ರಹವನ್ನು ಬಿಡಿಸುವ ಶಿಲ್ಪಿ ಮಾಡುವುದು ಇದನ್ನೇ. ಲೇತಿನ ಮುಂದೆ ನಿಂತು ಕಬ್ಬಿಣದ ಸುರುಳಿ ಸುರುಳಿ ತುರಿಯನ್ನು ಕಾಲಬುಡಕ್ಕೆ ಉದುರಿಸುವ ಟರ್ನರನೂ ಇದನ್ನೇ ಮಾಡುತ್ತಾನೆ. ಇದಕ್ಕೆ ತೀರ ಎದುರಾದ ಮತ್ತೊಂದು ಕ್ರಮವುಂಟು. ಅದರ ಗುರುವನ್ನು ನೋಡಬೇಕಾದರೆ ನೀವು ದೂರ ಹೋಗಬೇಕಾಗಿಲ್ಲ. ಬೇಲಿಯ ಬದಿಯ ಹುತ್ತವನ್ನು ನೋಡಿದರೆ ಸಾಕು. ಗೆದ್ದಲು ಏನನ್ನೂ ಕೆತ್ತುವುದಿಲ್ಲ. ಒಂದು ಕಣ ಮಣ್ಣು, ಒಂದು ತೊಟ್ಟು ಎಂಜಲು, ಅದರ ಮೇಲೆ ಇನ್ನೊಂದು ಕಣ. ಹೀಗೆ ಆಳೆತ್ತರದ ಮಹಲು ಏಳುತ್ತದೆ, ಆಮೇಲೆ ಹಾವು ಬಂದು ಸೇರಿಕೊಳ್ಳುತ್ತದೆ.

ಮನುಷ್ಯನು ಯಂತ್ರದ ಮೂಲಕ ಗೆದ್ದಲಿನ ಈ ವಿದ್ಯೆಯನ್ನು ಕಲಿತು ನಲವತ್ತಕ್ಕೂ ಹೆಚ್ಚು ವರ್ಷಗಳಾದುವು. ಜಪಾನಿನ ನಗೋಯದಲ್ಲಿ ಹಿದೆಯೊ ಕೊಡಾಮ ಎಂಬಾತ 1980ರ ಸುಮಾರಿಗೆ, ಬೆಳಕು ಬಿದ್ದರೆ ಗಟ್ಟಿಯಾಗುವ ಒಂದು ದ್ರವದಿಂದ ಪದರದ ಮೇಲೆ ಪದರವಿಟ್ಟು ವಸ್ತುಗಳನ್ನು ಮಾಡಿ ತೋರಿಸಿದ. ಅಮೆರಿಕದ ಚಾರ್ಲ್ಸ್ ಹಲ್ 1984ರಲ್ಲಿ ಅಂಥದೇ ಒಂದು ವಿಧಾನಕ್ಕೆ ಪೇಟೆಂಟ್ ಕೋರಿ ಅರ್ಜಿ ಹಾಕಿದ. ಇಂದು ಜನ ಇದನ್ನು ತ್ರೀಡಿ ಪ್ರಿಂಟಿಂಗ್ ಎನ್ನುತ್ತಾರೆ. ಪುಸ್ತಕ ಅಚ್ಚುಹಾಕುವುದಕ್ಕೂ ಇದಕ್ಕೂ ಸಂಬಂಧ ಕಡಿಮೆ. ಆದರೂ ಹೆಸರು ನಿಂತುಬಿಟ್ಟಿದೆ. ಲೋಹದ ಕೆಲಸದಲ್ಲಿ ಮುಖ್ಯವಾಗಿರುವ ಒಂದು ಬಗೆಯಲ್ಲಿ, ನಮ್ಮ ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಿಲ್ಲದಷ್ಟು ತೆಳುವಾಗಿ ಲೋಹದ ಪುಡಿಯನ್ನು ಹರಡಿ, ಬೇಕಾದ ಕಡೆ ಮಾತ್ರ ಲೇಸರ್ ಕಿರಣದಿಂದ ಕರಗಿಸಿ ಬೆಸೆಯುತ್ತಾರೆ. ಮತ್ತೆ ಪುಡಿ, ಮತ್ತೆ ಕಿರಣ. ಸಾವಿರಾರು ಸಲ ಹೀಗಾದ ಮೇಲೆ ಪುಡಿಯ ರಾಶಿಯೊಳಗಿನಿಂದ, ಹುತ್ತರಿಯ ಗೆಣಸನ್ನು ಅಗೆದು ತೆಗೆದಂತೆ, ಸಿದ್ಧವಸ್ತುವನ್ನು ಹೊರತೆಗೆಯುತ್ತಾರೆ.

ಇದರಿಂದ ಆಗುವ ಉಳಿತಾಯಕ್ಕೆ ಒಂದೇ ಉದಾಹರಣೆ ಸಾಕು. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನನ್ನು ಈ ವಿಧಾನದಲ್ಲಿ ಮಾಡಿ, ಇಸ್ರೋ ಸಂಸ್ಥೆ 2024ರ ಮೇ 9ರಂದು ಅದನ್ನು 665 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಿತು. ಹಳೆಯ ರೀತಿಯಲ್ಲಿ ಅದಕ್ಕೆ 14 ಬಿಡಿಭಾಗಗಳು, 19 ಬೆಸುಗೆಗಳು. ಈಗ ಒಂದೇ ತುಂಡು. ಹಿಂದೆ ಒಂದು ಎಂಜಿನಿಗೆ 565 ಕಿಲೋಗ್ರಾಂ ಲೋಹವನ್ನು ತಂದು ಕೊರೆಯಬೇಕಾಗಿದ್ದರೆ, ಈಗ 13.7 ಕಿಲೋಗ್ರಾಂ ಪುಡಿ ಸಾಕಾಯಿತು. ಬೆಂಗಳೂರಿನ ಹಲಸೂರಿನ ಬಳಿ ಕೇಂಬ್ರಿಡ್ಜ್ ಬಡಾವಣೆಯಲ್ಲಿ 1,021 ಚದರಡಿಯ ಒಂದು ಅಂಚೆ ಕಚೇರಿಯೇ ಹೀಗೆ ಎದ್ದಿದೆ. ಕಾಂಕ್ರೀಟಿನ ಪದರಗಳನ್ನು ಯಂತ್ರವೇ ಒಂದರ ಮೇಲೊಂದು ಸುರಿದು ಕಟ್ಟಿದ ಆ ಕಟ್ಟಡ 2023ರ ಆಗಸ್ಟಿನಲ್ಲಿ ಉದ್ಘಾಟನೆಯಾಯಿತು. ಅದರ ಗೋಡೆಯನ್ನು ಹತ್ತಿರದಿಂದ ನೋಡಿದರೆ ಚಕ್ಕುಲಿಯ ಒರಳಿನಿಂದ ಹಿಂಡಿದ ಗೆರೆಗಳ ನೆನಪಾಗದೆ ಇರದು.

ಇಷ್ಟು ಪೀಠಿಕೆ. ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಈ ಯಂತ್ರದ ಕೈಯ ವಿಷಯವನ್ನಲ್ಲ, ಕಣ್ಣಿನ ವಿಷಯವನ್ನು.

ಗೆದ್ದಲುಗಳಲ್ಲಿ ದುಡಿಯುವ ಹುಳುಗಳು ಸಾಮಾನ್ಯವಾಗಿ ಕುರುಡು. ನಮ್ಮ ಈ ಯಂತ್ರವೂ ಹುಟ್ಟುಕುರುಡೇ. ತನ್ನ ಕೈ ಎಲ್ಲಿದೆಯೆಂಬುದು ಅದಕ್ಕೆ ಗೊತ್ತು: ಮೂಲೆಯಿಂದ ಬಲಕ್ಕೆ ಇಷ್ಟು, ಮುಂದಕ್ಕೆ ಇಷ್ಟು, ಮೇಲಕ್ಕೆ ಇಷ್ಟು. ಆ ಲೆಕ್ಕದಂತೆ ಕೈಯಾಡಿಸುತ್ತದೆ. ಕತ್ತಲೆಯ ಮನೆಯಲ್ಲಿ ಹೆಜ್ಜೆಯೆಣಿಸಿ ದೇವರಗೂಡಿನ ಬೆಂಕಿಪೊಟ್ಟಣವನ್ನು ಮುಟ್ಟುವ ಅಜ್ಜಿಯ ಹಾಗೆ. ಬರಿದಾದ ಹಲಗೆಯ ಮೇಲೆ ಮೊದಲ ಪದರದಿಂದ ತಾನೇ ಆರಂಭಿಸುವಾಗ ಇದರಿಂದ ತೊಂದರೆಯಿಲ್ಲ. ಏಕೆಂದರೆ ಅಲ್ಲಿರುವುದೆಲ್ಲ ಅದು ತಾನೇ ಇಟ್ಟದ್ದು. ಆದರೆ ಯಾರೋ ಬೆಂಕಿಪೊಟ್ಟಣವನ್ನು ಬೇರೆಡೆ ಇಟ್ಟರೆ ಅಜ್ಜಿಗೆ ಏನಾಗುತ್ತದೋ, ತಾನಿಡದ ವಸ್ತುವೊಂದು ಹಲಗೆಯ ಮೇಲೆ ಬಂದು ಕುಳಿತರೆ ಯಂತ್ರಕ್ಕೂ ಅದೇ ಆಗುತ್ತದೆ.

ತಾನಿಡದ ವಸ್ತು ಏಕೆ ಬರಬೇಕು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಬಂಗಾರಪೇಟೆಯಂಥ ಯಾವ ಊರಿನ ವರ್ಕ್‌ಶಾಪಿನಲ್ಲಾದರೂ ದೊರೆಯುತ್ತದೆ. ಬೇರಿಂಗ್ ಕೂರುವ ಜಾಗದಲ್ಲಿ ಸವೆದ ಶಾಫ್ಟು, ಟ್ರಾಕ್ಟರಿನ ಪಿನ್ನು, ಬೋರ್‌ವೆಲ್ ಪಂಪಿನ ದಂಡ, ಇಂಥವನ್ನೆಲ್ಲ ಜನ ಎಸೆಯುವುದಿಲ್ಲ. ಸವೆದ ಕಡೆ ವೆಲ್ಡಿಂಗಿನಿಂದ ಲೋಹ ತುಂಬಿಸಿ, ಲೇತಿಗೆ ಹಾಕಿ, ಮೊದಲಿನ ಅಳತೆಗೆ ತರಿಸುತ್ತಾರೆ. ‘ಫಿಲ್ಲಿಂಗ್ ಮಾಡಿಸುವುದು’ ಎಂದು ಇದರ ಹೆಸರು. ಪದರದ ಮೇಲೆ ಪದರವಿಡುವ ಹೊಸ ವಿದ್ಯೆಯ ಬಡ ಅಣ್ಣ ಇದು ಎನ್ನಬಹುದು. ತಮ್ಮ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಈತ ದುಡಿಯುತ್ತಿದ್ದ. 1964ರಲ್ಲಿ ಸ್ಥಾಪನೆಯಾಗಿ ಕೆ.ಜಿ.ಎಫ್.ನಲ್ಲಿ ಬುಲ್ಡೋಜರುಗಳನ್ನು ತಯಾರಿಸಿದ ಬೆಮೆಲ್ ಕಾರ್ಖಾನೆಯ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಮಣ್ಣು ಕಲ್ಲುಗಳಲ್ಲಿ ಉಜ್ಜಿಕೊಂಡೇ ಬಾಳಬೇಕಾದ ಅಂಥ ಯಂತ್ರಗಳ ಉರುಳೆಗಳಿಗೂ ಹಲ್ಲುಗಳಿಗೂ ಲೋಹ ತುಂಬಿ ಮರುಬಳಸುವುದು ಲೋಕದಲ್ಲೆಲ್ಲ ಇರುವ ರೂಢಿ. ಈ ಕೆಲಸವನ್ನೇ ಈಗ ಲೇಸರ್ ಯಂತ್ರ ಮಾಡತೊಡಗಿದೆ. ಕಿರಣದ ಮೊನೆಗೆ ಲೋಹದ ಪುಡಿಯನ್ನು ಊದಿ, ಸವೆದಷ್ಟನ್ನು ಮಾತ್ರ ತುಂಬುತ್ತದೆ. ಹೊಸದನ್ನು ಕಟ್ಟುವುದಕ್ಕಿಂತ ಹಳೆಯದನ್ನು ಉಳಿಸುವಲ್ಲಿಯೇ ಈ ವಿದ್ಯೆಗೆ ನಮ್ಮಂಥ ದೇಶದಲ್ಲಿ ಹೆಚ್ಚು ಕೆಲಸವಿದೆಯೆಂದು ನನಗೆ ತೋರುತ್ತದೆ. ಆದರೆ ತುಂಬುವ ಮೊದಲು, ಆ ಹಳೆಯ ಶಾಫ್ಟು ಎಲ್ಲಿ, ಎಷ್ಟು ಓರೆಯಾಗಿ ಕುಳಿತಿದೆಯೆಂದು ಯಂತ್ರಕ್ಕೆ ತಿಳಿಯಬೇಡವೆ? ಅದಕ್ಕೇ ಕ್ಯಾಮೆರಾ, ಕ್ಯಾಮೆರಾದ ಹಿಂದೆ ಗಣಕ.

ಈ ವಿಷಯ ನನ್ನ ಕಿವಿಗೆ ಬಿದ್ದದ್ದು ಒಂದು ಮನೆಯ ಜಗಲಿಯಲ್ಲಿ. ಆ ಮನೆಯ ಯಜಮಾನರು ಗಣಿಯ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವರು. ಗಣಿ ಮುಚ್ಚಿದ ಮೇಲೆ ಒಂದು ಹಳೆಯ ಲೇತನ್ನು ಕೊಂಡು ಬಂಗಾರಪೇಟೆಯಲ್ಲಿ ಸಣ್ಣದೊಂದು ಅಂಗಡಿ ಇಟ್ಟರು. ಮಗ ಡಿಪ್ಲೊಮಾ ಓದಿ, ಊರಿನ ಇನ್ನೆಷ್ಟೋ ತರುಣರ ಹಾಗೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಹಿಂತಿರುಗುತ್ತಾನೆ. ಮಾರಿಕುಪ್ಪ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿನಲ್ಲಿ ರೈಲು ಹತ್ತುವ ಆ ಜನಸಂದಣಿಯನ್ನು ಕಂಡವರಿಗೆ, ಗಣಿಯ ಊರು ಈಗ ಯಾವ ಸುರಂಗದಲ್ಲಿ ಇಳಿದು ದುಡಿಯುತ್ತಿದೆಯೆಂದು ಹೇಳಬೇಕಾಗಿಲ್ಲ. ಈ ಹುಡುಗನ ಕೆಲಸ ಲೇಸರಿನಿಂದ ಲೋಹ ತುಂಬುವ ಯಂತ್ರದ ಬಳಿ. ಅದರ ಕ್ಯಾಮೆರಾವನ್ನು ನೋಡಿಕೊಳ್ಳುವುದು ಅವನ ಪಾಲಿಗೆ ಬಂದಿತ್ತು. ಆ ವಾರ ಒಂದು ಶಾಫ್ಟು ಕೆಟ್ಟು ಗುಜರಿಗೆ ಹೋಗಿತ್ತು. ತುಂಬಿದ ಮೇಲೆ ಗ್ರೈಂಡಿಂಗಿಗೆ ಹಾಕಿದರೆ, ಒಂದು ಕಡೆ ಸಾಣೆಗಲ್ಲು ಬೆಂಕಿ ಕಾರುವಷ್ಟು ಲೋಹ. ಎದುರು ಕಡೆ ಕಲ್ಲು ಮುಟ್ಟಲೇ ಇಲ್ಲ, ಕಪ್ಪು ಮಚ್ಚೆ ಹಾಗೆಯೇ ಉಳಿಯಿತು. ಕ್ಯಾಮೆರಾ ಸರಿಯಿಲ್ಲವೆಂದು ಎಲ್ಲರೂ ಅವನನ್ನು ತರಾಟೆಗೆ ತೆಗೆದುಕೊಂಡಿದ್ದರು. ಅವನು ರಾತ್ರಿಯೆಲ್ಲ ಪರೀಕ್ಷಿಸಿದ್ದ. ಕ್ಯಾಮೆರಾ ಸರಿಯಾಗಿಯೇ ಇತ್ತು.

ಕ್ಯಾಮೆರಾ ಸರಿಯಾಗಿರುವುದು ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕ್ಯಾಮೆರಾ ಕಾಣುವುದು ಬೆಳಕಿನ ಚುಕ್ಕಿಗಳನ್ನು ಮಾತ್ರ. ನಾಲ್ಕು ನೂರು ಮಿಲಿಮೀಟರ್ ಅಗಲದ ಹಲಗೆಯನ್ನು ನಾಲ್ಕು ಸಾವಿರ ಚುಕ್ಕಿಗಳ ಸಾಲಿನಲ್ಲಿ ಹಿಡಿದರೆ, ಒಂದು ಚುಕ್ಕಿಯ ಪಾಲಿಗೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಬರುತ್ತದೆ. ಕೇಳಲು ಸೊಗಸಾಗಿದೆ. ಆದರೆ ಮಸೂರವು ಅಂಚಿನ ಗೆರೆಗಳನ್ನು ಬಾಗಿಸುತ್ತದೆ. ದೂರದ್ದು ಚಿಕ್ಕದಾಗಿ ಕಾಣುತ್ತದೆ, ಓರೆಯಿಂದ ನೋಡಿದ ವೃತ್ತ ಮೊಟ್ಟೆಯಾಗುತ್ತದೆ. ಆದ್ದರಿಂದ ಮೊದಲು ಕ್ಯಾಮೆರಾಗೆ, ಅಳತೆ ಗೊತ್ತಿರುವ ಒಂದು ಚಿತ್ರವನ್ನು ತೋರಿಸುತ್ತಾರೆ: ಕಪ್ಪು ಬಿಳುಪಿನ ಚದುರಂಗದ ಮನೆಗಳು. ಆ ಹಾಳೆಯನ್ನು ಓರೆಯಾಗಿ, ನೇರವಾಗಿ, ಹತ್ತಿರ, ದೂರ ಹಿಡಿದು ತೋರಿಸಿದಾಗ, ಮನೆಗಳ ಮೂಲೆಗಳು ಎಲ್ಲಿ ಕಾಣಬೇಕಾಗಿತ್ತು, ಎಲ್ಲಿ ಕಂಡುವು ಎಂಬ ವ್ಯತ್ಯಾಸದಿಂದ ಗಣಕವು ತನ್ನ ಕಣ್ಣಿನ ದೋಷವನ್ನು ತಾನೇ ಲೆಕ್ಕಹಾಕಿಕೊಳ್ಳುತ್ತದೆ. ಝಾಂಗ್ ಝೆಂಗ್ಯು ಎಂಬ ವಿಜ್ಞಾನಿ 2000ದಲ್ಲಿ ಪ್ರಕಟಿಸಿದ ಈ ಉಪಾಯ ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಆಮೇಲೆ ಯಂತ್ರದ ಹಲಗೆಯ ಮೇಲೆಯೇ ಅಲುಗಾಡದ ಕೆಲವು ಗುರುತುಗಳನ್ನು ಅಂಟಿಸುತ್ತಾರೆ. ಕ್ಯಾಮೆರಾ ಕಾಣುವ ಲೋಕಕ್ಕೂ ಯಂತ್ರದ ಕೈ ಎಣಿಸುವ ಲೋಕಕ್ಕೂ ಈ ಗುರುತುಗಳೇ ಸೇತುವೆ. ನಮ್ಮ ಹೆಣ್ಣುಮಕ್ಕಳು ಮೊದಲು ಚುಕ್ಕಿಯಿಟ್ಟು ಆಮೇಲೆ ಗೆರೆಯೆಳೆಯುವಾಗ ನಡೆಯುವುದು ಇದೇ. ಚುಕ್ಕಿ ತಪ್ಪಿದರೆ ಎಂಥ ಕೈಯೂ ರಂಗೋಲಿಯನ್ನು ಉಳಿಸಲಾರದು.

ಇಷ್ಟಾದರೂ ಲೋಹ ಸುಲಭವಾಗಿ ಕಣ್ಣಿಗೆ ದಕ್ಕುವುದಿಲ್ಲ. ಉಜ್ಜಿದ ಉಕ್ಕು ಕನ್ನಡಿಯಂತೆ ಹೊಳೆದು ದೀಪವನ್ನೇ ತೋರಿಸುತ್ತದೆ. ಬೂದುಬಣ್ಣದ ಪುಡಿಯಲ್ಲಿ ಹುದುಗಿದ ಬೂದುಬಣ್ಣದ ವಸ್ತುವಿಗೆ ಅಂಚೇ ಇಲ್ಲದಂತಾಗುತ್ತದೆ. ಇದಕ್ಕಾಗಿ ಬೆಳಕಿನ ಪಟ್ಟೆಗಳನ್ನು ವಸ್ತುವಿನ ಮೇಲೆ ಚೆಲ್ಲಿ, ಆ ಪಟ್ಟೆ ಎಲ್ಲಿ ಡೊಂಕಾಯಿತೆಂದು ನೋಡಿ ಉಬ್ಬುತಗ್ಗುಗಳನ್ನು ತಿಳಿಯುತ್ತಾರೆ. ಒಂದೇ ಬಾರಿಗೆ ನೂರಾರು ಸಣ್ಣ ವಸ್ತುಗಳು ತಯಾರಾಗಿ ಪುಡಿಯಿಂದ ಹೊರಬಂದಾಗ, ಯಾವುದು ಯಾವುದು, ಯಾವುದು ಮಗುಚಿ ಬಿದ್ದಿದೆ ಎಂದು ಗುರುತಿಸಿ ಯಂತ್ರದ ತೋಳಿಗೆ ಹೇಳುವುದೂ ಇದೇ ಕಣ್ಣಿನ ಕೆಲಸ. ಅಲ್ಲಿ ಒಂದು ಅನುಕೂಲವುಂಟು. ವಸ್ತುವಿನ ನಕ್ಷೆ ಮೊದಲೇ ಗಣಕದಲ್ಲಿರುವುದರಿಂದ, ಆ ನಕ್ಷೆಯಿಂದಲೇ ಸಾವಿರಾರು ಕೃತಕ ಚಿತ್ರಗಳನ್ನು ಬರೆಸಿ ಅವುಗಳ ಮೇಲೆ ಗಣಕಕ್ಕೆ ಪಾಠ ಹೇಳಿಸಬಹುದು. ಹುಟ್ಟದ ಮಗುವಿನ ಮುಖವನ್ನು ಮೊದಲೇ ಕಲಿತ ಸೂಲಗಿತ್ತಿಯಂತೆ ಅದು ಕಾದಿರುತ್ತದೆ.

ಸವೆದ ಹಳೆಯ ವಸ್ತುವಿಗೆ ಬಂದಾಗಲೇ ಕಷ್ಟ. ಅಲ್ಲಿ ಗಣಕ ಮಾಡುವುದು ಇಷ್ಟು: ಕಣ್ಣು ಕಂಡ ಆಕಾರವನ್ನು ಒಂದು ಕಡೆ ಇಟ್ಟುಕೊಳ್ಳುತ್ತದೆ, ನಕ್ಷೆಯ ಆಕಾರವನ್ನು ಇನ್ನೊಂದು ಕಡೆ. ಎರಡನೆಯದನ್ನು ಮೊದಲನೆಯದರ ಮೇಲೆ ಅತ್ತಿತ್ತ ಜರುಗಿಸಿ, ತಿರುಗಿಸಿ, ಒಟ್ಟು ವ್ಯತ್ಯಾಸ ಅತ್ಯಂತ ಕಡಿಮೆಯಾಗುವಂತೆ ಕೂರಿಸುತ್ತದೆ. 1992ರಲ್ಲಿ ಬೆಸ್ಲ್ ಮತ್ತು ಮೆಕೇ ಎಂಬಿಬ್ಬರು ಬರೆದ ಒಂದು ಲೇಖನದಿಂದ ಈ ಕ್ರಮ ಪ್ರಸಿದ್ಧವಾಯಿತು. ಹೀಗೆ ಕೂರಿಸಿದ ಮೇಲೆ ಎಲ್ಲಿ ನಕ್ಷೆಗಿಂತ ಲೋಹ ಕಡಿಮೆಯೋ ಅಲ್ಲಿ ತುಂಬು ಎಂದು ಅಪ್ಪಣೆ. ಇದಕ್ಕಿಂತ ನ್ಯಾಯವಾದ ರೀತಿ ಇನ್ನಾವುದಿದ್ದೀತು ಎಂದು ನನಗೂ ಅನ್ನಿಸಿತ್ತು.

ಜಗಲಿಯ ಮೇಲೆ ಮಗ ಇದನ್ನೆಲ್ಲ ವಿವರಿಸುತ್ತಿದ್ದಾಗ ತಂದೆ ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಕೇಳುತ್ತಿದ್ದರು. ಮನೆಮಾತು ತೆಲುಗು; ಗಣಿಯಲ್ಲಿ ಆಡಿದ್ದು ತಮಿಳು; ನಾನಿದ್ದುದರಿಂದ ಕನ್ನಡದಲ್ಲಿಯೇ ಮಾತು ಸಾಗಿತ್ತು. ಆ ಊರಿನಲ್ಲಿ ಇದು ವಿಶೇಷವೇನಲ್ಲ. ಕೊನೆಗೆ ಅವರು ಕೇಳಿದರು:

“ಯಾವ ಕಡೆ ಹಿಡಿದು ಅಳೆದೆಯಪ್ಪ?”

“ಇಡೀ ಶಾಫ್ಟನ್ನೇ ನೋಡುತ್ತೆ ನಾಯನಾ, ಒಂದು ಕಡೆ ಅಂತ ಇಲ್ಲ.”

“ಸವೆದಿರೋ ಕಡೇನೂ ಸೇರಿಸಿಕೊಂಡೇ?”

ಹುಡುಗ ಉತ್ತರ ಕೊಡಲಿಲ್ಲ. ತಂದೆಯವರು ನನ್ನ ಕಡೆ ತಿರುಗಿ, “ನೋಡಿ ಸಾರ್, ಸವೆದಿರೋ ಕಡೆ ಸುಳ್ಳು ಹೇಳುತ್ತೆ. ಅದನ್ನ ಸಾಕ್ಷಿಗೆ ಕರೀಬಾರದು,” ಎಂದರು.

ಆ ರಾತ್ರಿ ಕಾಗದದ ಮೇಲೆ ಬರೆದು ನೋಡಿದಾಗ ನನಗೆ ಆಶ್ಚರ್ಯವಾಯಿತು. ಶಾಫ್ಟು ಒಂದೇ ಪಕ್ಕದಲ್ಲಿ, ನಡುವೆ ಒಂದು ಮಿಲಿಮೀಟರಿನಷ್ಟು, ಬದಿಗಳಿಗೆ ಬರುಬರುತ್ತ ಕಡಿಮೆಯಾಗಿ, ಬಿದಿಗೆಯ ಚಂದ್ರನ ಆಕಾರದಲ್ಲಿ ಸವೆದಿದೆಯೆನ್ನಿ. ಸುತ್ತಲೂ ನೋಡಿ ಒಟ್ಟು ವ್ಯತ್ಯಾಸವನ್ನು ಕಡಿಮೆ ಮಾಡಹೊರಟ ಗಣಕ, ನಕ್ಷೆಯನ್ನು ಸವೆಯದ ಕಡೆಗೆ ಅರ್ಧ ಮಿಲಿಮೀಟರ್ ಜರುಗಿಸಿಬಿಡುತ್ತದೆ. ಅಂದರೆ ಸವೆತದ ಅರ್ಧವನ್ನು ಸವೆತವೆಂದೂ, ಉಳಿದರ್ಧವನ್ನು ಶಾಫ್ಟು ಸ್ವಲ್ಪ ಅತ್ತ ಕುಳಿತಿದೆಯೆಂದೂ ಹಂಚಿಕೊಳ್ಳುತ್ತದೆ. ಎರಡು ಪಕ್ಷಗಳ ನಡುವೆ ರಾಜಿ ಮಾಡಿಸುವ ಪಂಚಾಯಿತರ ಹಾಗೆ. ತುಂಬಬೇಕಾದುದರಲ್ಲಿ ಅರ್ಧ ಮಾತ್ರ ತುಂಬುತ್ತದೆ. ಇನ್ನೂ ವಿಚಿತ್ರವಿದೆ. ಕ್ಯಾಮೆರಾಗೆ ಸವೆದ ಅರ್ಧಭಾಗ ಮಾತ್ರ ಕಾಣುವಂತೆ ಶಾಫ್ಟನ್ನು ಇಟ್ಟರೆ, ಅದಕ್ಕೆ ಸವೆತವೇ ಕಾಣದು. ಹಾಗೆ ಸವೆದ ಅರ್ಧವೃತ್ತವೂ, ಒಂದು ಮಿಲಿಮೀಟರ್ ತಗ್ಗಿನಲ್ಲಿ ಕುಳಿತ ಸವೆಯದ ಅರ್ಧವೃತ್ತವೂ ಆಕಾರದಲ್ಲಿ ಒಂದರ ಹಾಗೆಯೇ ಇನ್ನೊಂದು. ಶಾಫ್ಟು ಹೊಸದು, ಇಟ್ಟವರು ಮಾತ್ರ ಸ್ವಲ್ಪ ತಗ್ಗಿಸಿ ಇಟ್ಟಿದ್ದಾರೆ ಎಂದು ಗಣಕ ಪ್ರಮಾಣ ಮಾಡಿ ಹೇಳುತ್ತದೆ. ಕಣ್ಣನ್ನು ಎಷ್ಟು ಚುರುಕು ಮಾಡಿದರೂ, ಚುಕ್ಕಿಗಳನ್ನು ನಾಲ್ಕು ಸಾವಿರದಿಂದ ನಲವತ್ತು ಸಾವಿರಕ್ಕೇರಿಸಿದರೂ ಈ ತಪ್ಪು ತಿದ್ದುವುದಿಲ್ಲ. ಏಕೆಂದರೆ ತಪ್ಪು ಕಣ್ಣಿನದಲ್ಲ. ಏನನ್ನು ನಂಬಬೇಕು ಎಂಬುದು ಚಿತ್ರದಲ್ಲಿ ಬರೆದಿರುವುದಿಲ್ಲ.

ಹಾಗಾದರೆ ಟರ್ನರು ನಂಬುವುದು ಏನನ್ನು? ಶಾಫ್ಟಿನ ಎರಡು ತುದಿಗಳ ನಡುಮಧ್ಯದಲ್ಲಿ ಕಡಲೆಕಾಳು ಹಿಡಿಸುವಷ್ಟು, ಒಳಹೋಗುತ್ತ ಕಿರಿದಾಗುವ, ಒಂದೊಂದು ಗುಳಿಯಿರುತ್ತದೆ. ಅದಕ್ಕೆ ಸೆಂಟರ್ ಎನ್ನುತ್ತಾರೆ. ಶಾಫ್ಟು ಮೊದಲು ಹುಟ್ಟಿದ್ದೇ ಆ ಎರಡು ಗುಳಿಗಳ ನಡುವೆ ಲೇತಿನಲ್ಲಿ ತಿರುಗಿ. ಕೆಲಸ ಮುಗಿದ ಮೇಲೆ ಅದರಿಂದ ಏನೂ ಪ್ರಯೋಜನವಿಲ್ಲ. ಆದರೂ ಅದನ್ನು ಉಳಿಸಿರುತ್ತಾರೆ. ಬೇರಿಂಗು ಅಲ್ಲಿ ಕೂರುವುದಿಲ್ಲ, ಏನೂ ಉಜ್ಜುವುದಿಲ್ಲ. ಮೂವತ್ತು ವರ್ಷಗಳ ಮೇಲೆ ಸವೆದು ಬಂದ ಶಾಫ್ಟಿನಲ್ಲಿಯೂ ಹುಟ್ಟಿದಂದಿನ ನಡುವನ್ನು ಅದು ಇಟ್ಟುಕೊಂಡಿರುತ್ತದೆ. ಅದೂ ಪೆಟ್ಟು ತಿಂದಿದ್ದರೆ, ಬೇರಿಂಗಿನ ಪಕ್ಕದ ಯಾವ ಮುಖಕ್ಕೆ ಏನೂ ತಗುಲುವುದಿಲ್ಲವೋ ಅಲ್ಲಿ ಡಯಲ್ ಗೇಜಿನ ಮುಳ್ಳನ್ನಿಟ್ಟು ತಿರುಗಿಸಿ ನೋಡುತ್ತಾರೆ.

ಈ ಎಚ್ಚರವನ್ನು ಆ ಟರ್ನರು ಕಲಿತ ಜಾಗ ಯಾವುದೆಂದು ನೆನೆದರೆ, ಇದು ಒಬ್ಬರ ಕೈಚಳಕ ಮಾತ್ರವಲ್ಲವೆಂದು ತೋರುತ್ತದೆ. ಭೂಮಿಯ ಮೇಲೆ ದಿಕ್ಕು ತಪ್ಪಿದವನು ಸೂರ್ಯನನ್ನು ನೋಡಬಹುದು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ನೋಡುವುದೇನನ್ನು? ಆಳದ ಗಣಿಗಳ ಸರ್ವೇಯರರು ಬಾವಿಯೊಳಗೆ ಎರಡು ತಂತಿಗಳಲ್ಲಿ ತೂಗುಗುಂಡುಗಳನ್ನು ಇಳಿಬಿಡುತ್ತಿದ್ದರು. ಅವು ಓಲಾಡದಂತೆ ಗುಂಡುಗಳನ್ನು ಎಣ್ಣೆಯಲ್ಲೋ ನೀರಿನಲ್ಲೋ ಮುಳುಗಿಸುತ್ತಿದ್ದರು. ಮೇಲೆ ಆ ಎರಡು ತಂತಿಗಳ ದಿಕ್ಕು ಗೊತ್ತು. ಆದುದರಿಂದ ಕೆಳಗೂ ಗೊತ್ತು. ಸುರಂಗದ ದಿಕ್ಕೆಲ್ಲ ಆ ಎರಡೆಳೆಗಳ ಮೇಲೆ ನಿಂತಿತ್ತು. ತಂತಿಗಳ ನಡುವೆ ಮೂರು ಮೀಟರ್ ಅಂತರವಿದ್ದು, ಒಂದು ತಂತಿ ಒಂದೇ ಮಿಲಿಮೀಟರ್ ಸರಿದರೆ, ಒಂದು ಕಿಲೋಮೀಟರ್ ಮುಂದೆ ಸುರಂಗ ಒಂದಡಿಗೂ ಮಿಕ್ಕು ಅಡ್ಡಹೋಗುತ್ತದೆ. ಎದುರಿನಿಂದ ಕೊರೆದು ಬರುತ್ತಿರುವವರ ಸುರಂಗಕ್ಕೆ ಅದು ಸರಿಯಾಗಿ ಸೇರುವುದಿಲ್ಲ.

ಚಿತ್ರ ತೆಗೆದು ಸ್ಥಾನವನ್ನು ಕಂಡುಹಿಡಿಯುವ ಕೆಲಸವೂ ಆ ಊರಿಗೆ ಹೊಸತಲ್ಲ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಜಪಾನಿನ ಒಸಾಕಾದವರೊಂದಿಗೂ ಇಂಗ್ಲೆಂಡಿನ ಡರ್‌ಹಮ್ಮಿನವರೊಂದಿಗೂ ಸೇರಿ, ಚಾಂಪಿಯನ್ ರೀಫ್ ಗಣಿಯೊಳಗೆ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಸುಳಿವನ್ನು ಹಿಡಿದರು. ಸರಿಸುಮಾರು ಅದೇ ಕಾಲಕ್ಕೆ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿಯೂ ಇದೇ ಸುಳಿವು ಸಿಕ್ಕಿತು. ನ್ಯೂಟ್ರಿನೊ ಕಣ್ಣಿಗೆ ಬೀಳುವುದಿಲ್ಲ; ಅದು ಕಲ್ಲಿನಲ್ಲಿ ಎಬ್ಬಿಸಿದ ಇನ್ನೊಂದು ಕಣ ಹಾಯ್ದು ಹೋದ ದಾರಿಯಲ್ಲಿ ನಿಯಾನ್ ಅನಿಲದ ಕೊಳವೆಗಳು ಮಿನುಗುವಂತೆ ಏರ್ಪಾಡಿತ್ತು. ಕ್ಯಾಮೆರಾ ಆ ಮಿನುಗನ್ನು ಹಿಡಿಯುತ್ತಿತ್ತು. ಕಣ ಎಲ್ಲಿಂದ ಬಂದು ಎತ್ತ ಹೋಯಿತೆಂದು ಹೇಳಲು ಸಾಧ್ಯವಾದದ್ದು ಫೋಟೋ ಚೆನ್ನಾಗಿತ್ತೆಂದಲ್ಲ. ಪ್ರತಿಯೊಂದು ಕೊಳವೆ ಎಲ್ಲಿದೆಯೆಂದು ಮೊದಲೇ ಅಳೆದಿಟ್ಟಿದ್ದರು. ಮತ್ತು ಕಣ ಹಾಯ್ದರೂ ಕೊಳವೆ ಅಲುಗುವುದಿಲ್ಲ.

ಆ ಹುಡುಗ ಮುಂದಿನ ವಾರ ಗಣಕಕ್ಕೆ ಹೇಳಿಕೊಟ್ಟದ್ದು ಇಷ್ಟೆ: ಸವೆದ ಪಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ, ತುದಿಯ ಎರಡು ಗುಳಿಗಳನ್ನು ಹುಡುಕು, ಅವುಗಳ ಮೇಲೆ ನಕ್ಷೆಯನ್ನು ಕೂರಿಸು. ಮುಂದಿನ ಶಾಫ್ಟು ಸರಿಯಾಗಿ ಬಂದಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನಿದನ್ನು ನಿಮ್ಮ ಮುಂದೆ ತರುತ್ತಿರಲಿಲ್ಲ. ಎಲ್ಲ ವಸ್ತುವೂ ಶಾಫ್ಟಲ್ಲ. ಲಿವರು, ಹಲ್ಲುಚಕ್ರ, ಪಂಪಿನ ಕವಚ, ಬ್ರೇಕಿನ ತೋಳು, ಇವಕ್ಕೆಲ್ಲ ನಂಬಬಹುದಾದ ಮುಖ ಬೇರೆ ಬೇರೆ. ಎಷ್ಟೋ ಹಳೆಯ ಯಂತ್ರಗಳಿಗೆ ನಕ್ಷೆಯೇ ಉಳಿದಿಲ್ಲ. ನಕ್ಷೆಯಿದ್ದರೂ ಅದು ಹೊಸ ವಸ್ತುವಿನ ಅಳತೆಯನ್ನು ಹೇಳುತ್ತದೆಯೇ ಹೊರತು, ಇಪ್ಪತ್ತು ವರ್ಷ ದುಡಿದ ಮೇಲೆ ಯಾವ ಮುಖ ಮೊದಲಿನಂತೆ ಉಳಿದಿರುತ್ತದೆಯೆಂಬುದನ್ನು ಹೇಳುವುದಿಲ್ಲ. ಆ ವಸ್ತುವನ್ನು ನೂರು ಸಲ ಕಳಚಿ ಕೂಡಿಸಿದವನಿಗೆ ಮಾತ್ರ ಅದು ಗೊತ್ತು. ಗಣಿಯಲ್ಲಿ ಜನರನ್ನು ಕೆಳಗಿಳಿಸುವ ತೊಟ್ಟಿಲು ತೂಗುತ್ತಿದ್ದುದೂ ಇಂಥ ಪಿನ್ನುಗಳ, ಶಾಫ್ಟುಗಳ ಆಧಾರದ ಮೇಲೆಯೇ. “ಅರ್ಧ ಮಿಲಿಮೀಟರ್ ಅಂದ್ರೆ ನಿಮಗೆ ಲೆಕ್ಕ ಸಾರ್, ನಮಗೆ ಮೂವತ್ತು ಜನ,” ಎಂದು ಆ ಹಿರಿಯರು ಅಂದದ್ದನ್ನು ನಾನು ಮರೆತಿಲ್ಲ. ಗಣಿ ಮುಚ್ಚಿದಾಗ ಯಂತ್ರಗಳನ್ನು ಎಣಿಸಿದವರುಂಟು, ಜಮೀನನ್ನು ಅಳೆದವರುಂಟು. ಈ ತಿಳಿವಳಿಕೆಗೆ ಪಟ್ಟಿಯಿರಲಿಲ್ಲ. ಅದನ್ನು ಬಲ್ಲವರು ಈಗ ಬಹುಮಟ್ಟಿಗೆ ಎಪ್ಪತ್ತು ದಾಟಿದವರು. ಧೂಳು ಕುಡಿದ ಎದೆಗಳು ಬೇರೆ.

ಗಣಕಕ್ಕೆ ಪಾಠ ಹೇಳಲು ಸಾವಿರಾರು ಚಿತ್ರಗಳನ್ನು ಕೂಡಿಹಾಕುವವರು ಬೇಕಾದಷ್ಟು ಜನರಿದ್ದಾರೆ. ಚಿತ್ರದಲ್ಲಿ ಯಾವ ಮುಖ ನಿಜ ಹೇಳುತ್ತದೆಂದು ಬೆರಳಿಟ್ಟು ತೋರಿಸುವವರನ್ನು ಕೇಳಲು ಬಂಗಾರಪೇಟೆಗೆ ಬಂದವರನ್ನು ನಾನು ಕಂಡಿಲ್ಲ. ತಂದೆಮಗ ಇಬ್ಬರೇ ಅದನ್ನು ಆರಂಭಿಸಿದ್ದಾರೆ. ಭಾನುವಾರ ಅಂಗಡಿಗೆ ರಿಪೇರಿಗೆ ಬಂದ ವಸ್ತುಗಳನ್ನು ತಂದೆ ತಿರುವಿ ನೋಡಿ, ನಂಬಬಹುದಾದ ಮುಖಕ್ಕೆ ಸೀಮೆಸುಣ್ಣದಿಂದ ಒಂದು ಗೀಟು ಹಾಕುತ್ತಾರೆ. ಮಗ ಫೋಟೋ ತೆಗೆದು, ಏಕೆಂದು ಕೇಳಿ, ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ನಾನು ಕಳೆದ ಸಲ ಹೋದಾಗ ನಲವತ್ತು ಪುಟ ದಾಟಿತ್ತು.

ಅಂದು ಬೆಂಚಿನ ಮೇಲೆ ಹಳೆಯ ಪಂಪೊಂದರ ಹಲ್ಲುಚಕ್ರವಿತ್ತು. ಹಿರಿಯರು ಅದನ್ನು ಬೆಳಕಿಗೆ ಹಿಡಿದರು, ಒಳತೂತಿನಲ್ಲಿ ಬೆರಳಾಡಿಸಿದರು, ಮಗುಚಿ ಮತ್ತೆ ನೋಡಿದರು. ಆಮೇಲೆ ಸೀಮೆಸುಣ್ಣವನ್ನು ಕೆಳಗಿಟ್ಟು, “ಇದು ಎಲ್ಲಾ ಕಡೇನೂ ಸವೆದಿದೆ. ನನಗೆ ಗೊತ್ತಾಗಲ್ಲ,” ಎಂದರು. ಚಾಂಪಿಯನ್ ರೀಫಿನಲ್ಲಿ ಇಂಥ ಪಂಪುಗಳನ್ನೇ ನೋಡಿಕೊಳ್ಳುತ್ತಿದ್ದ ಒಬ್ಬ ಫಿಟ್ಟರಿದ್ದಾರಂತೆ, ಇವರಿಗಿಂತ ಹನ್ನೆರಡು ವರ್ಷ ದೊಡ್ಡವರು. ಕಿವಿ ಕೇಳಿಸದು, ಕೈ ಮಾತ್ರ ನೆಟ್ಟಗಿದೆ. ಮಗ ಹಲ್ಲುಚಕ್ರವನ್ನು ಹಳೆಯ ಪಂಚೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಮಧ್ಯಾಹ್ನದ ಮಾರಿಕುಪ್ಪದ ರೈಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.